ಅಕ್ಷರದ ಅಳತೆ ಯಾರ ಕೈಯಲ್ಲಿ?

ದನಕ್ಕೂ ಧನಕ್ಕೂ ನಡುವೆ ಇರುವುದು ಒಂದು ಸಣ್ಣ ಗೀಟು. ದಕಾರದ ಕೆಳಗೆ ಆ ಗೀಟು ಬಿದ್ದರೆ ಸಾಕು, ಕೊಟ್ಟಿಗೆಯಲ್ಲಿದ್ದದ್ದು ಪೆಟ್ಟಿಗೆಗೆ ಸೇರುತ್ತದೆ. ಕಥೆ, ಸುದ್ದಿ ಓದುವಾಗ ಈ ಗೀಟು ಕಾಣದಿದ್ದರೂ ತೊಂದರೆಯಿಲ್ಲ. ವಾಕ್ಯದ ಅರ್ಥವೇ ನಮ್ಮ ಕೈಹಿಡಿದು ನಡೆಸುತ್ತದೆ. ಆದರೆ ಹೆಸರು, ಅಂಕಿ, ಸರ್ವೆ ನಂಬರುಗಳ ವಿಷಯ ಬಂದಾಗ ಊಹೆ ನಡೆಯುವುದಿಲ್ಲ. ಅಲ್ಲಿ ಕಣ್ಣಿಗೆ ಕಂಡದ್ದೇ ಸತ್ಯ. ಕಾಣದಿದ್ದರೆ ಬೇರೆಯವರು ಹೇಳಿದ್ದೇ ಸತ್ಯ.

ಓದುಗರೇ, ಈ ಪುಟಗಳಲ್ಲಿ ನಾನು ಹೇಳಹೊರಟಿರುವುದು ಕಂಪ್ಯೂಟರಿನ ಪರದೆಯಲ್ಲಿ ಅಕ್ಷರವನ್ನು ಹಿಗ್ಗಿಸುವ, ಒಂದೇ ಪುಟವನ್ನು ಪರದೆಯ ತುಂಬ ಹರಡುವ ಸೌಲಭ್ಯಗಳ ಕಥೆ. ಜೂಮ್, ಫುಲ್ ಸ್ಕ್ರೀನ್ ಎಂದು ಎಲ್ಲರೂ ಕರೆಯುವ ಈ ಸೌಲಭ್ಯಗಳು ನಿಮ್ಮ ಮನೆಯ ಕಂಪ್ಯೂಟರಿನಲ್ಲಿ, ಅಂಗೈಯ ಫೋನಿನಲ್ಲಿ ಇದ್ದೇ ಇವೆ. ಇಷ್ಟು ಸಣ್ಣ ಸಂಗತಿಗೂ ಇತಿಹಾಸವೇ ಎಂದು ನೀವು ಕೇಳಬಹುದು. ಇದೆ. ಆ ಇತಿಹಾಸದ ಉದ್ದಕ್ಕೂ ಒಂದೇ ಪ್ರಶ್ನೆ ನಿಂತಿದೆ: ಅಕ್ಷರ ಎಷ್ಟು ದೊಡ್ಡದಾಗಿರಬೇಕು ಎಂಬುದನ್ನು ತೀರ್ಮಾನಿಸುವವರು ಯಾರು? ತೋರಿಸುವವರೋ, ನೋಡುವವರೋ?

ಕಲ್ಲಿನ ಅಕ್ಷರ, ಕಾಗದದ ಅಕ್ಷರ

ಕಥೆಯನ್ನು ಮುನವಳ್ಳಿಯಿಂದ ಆರಂಭಿಸೋಣ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಮುನವಳ್ಳಿ ಮಲಪ್ರಭೆಯ ದಂಡೆಯ ಹಳೆಯ ಊರು. ಅಲ್ಲಿ ಪಂಚಲಿಂಗೇಶ್ವರ ದೇವಾಲಯವಿದೆ. 13ನೇ ಶತಮಾನದಲ್ಲಿ, ದೇವಗಿರಿಯ ಸೇವುಣರು ಈ ನಾಡನ್ನು ಆಳುತ್ತಿದ್ದ ಕಾಲದಲ್ಲಿ ಬರೆಸಿದ ಶಾಸನಗಳೂ ಆ ಊರಿನಲ್ಲಿವೆ. ಕಲ್ಲಿನ ಮೇಲೆ ಕಂಡರಿಸಿದ ಅಕ್ಷರಕ್ಕೆ ಒಂದು ಗುಣವುಂಟು: ಅದರ ಅಳತೆ ಎಂದೆಂದಿಗೂ ಒಂದೇ. ಓದಬೇಕಾದವನು ಎದ್ದು ಹತ್ತಿರ ಹೋಗಬೇಕು. ಕಣ್ಣು ಮಂಜಾದವನು ಬೆರಳಿಂದ ತಡವಿ ನೋಡಬೇಕು, ಇಲ್ಲವೇ ಓದಬಲ್ಲವರನ್ನು ಕೇಳಬೇಕು. ದತ್ತಿ ಯಾರಿಗೆ, ಭೂಮಿ ಎಷ್ಟು, ಗಡಿ ಎಲ್ಲಿ ಎಂಬುದೆಲ್ಲ ಊರಿನ ಎಲ್ಲರಿಗೂ ಸಂಬಂಧಿಸಿದ ಸಂಗತಿ. ಆದರೆ ಅದನ್ನು ಓದಿ ಹೇಳುವವರು ಕೆಲವರು ಮಾತ್ರ.

19ನೇ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಪ್ರಾಂತ್ಯದ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಈ ಭಾಗದ ಶಾಸನಗಳನ್ನು ಓದಿ, ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸವದತ್ತಿಯ ರಟ್ಟರ ಶಾಸನಗಳೂ ಮುನವಳ್ಳಿಯ ಸೇವುಣರ ಶಾಸನಗಳೂ ಹೀಗೆ ವಿದ್ವಾಂಸರ ಮೇಜಿನ ಮೇಲೆ ಬಂದವು. ಕಲ್ಲಿನಿಂದ ಕಾಗದಕ್ಕೆ ಅಕ್ಷರವನ್ನು ತರುವ ವಿಧಾನ ಇಂದಿಗೂ ಶಾಸನತಜ್ಞರ ಕೈಯಲ್ಲಿ ಬಳಕೆಯಲ್ಲಿದೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಕುಂಚದಿಂದ ಬಡಿದು, ಕಾಗದ ಅಕ್ಷರದ ತಗ್ಗಿಗೆ ಇಳಿದ ಮೇಲೆ ಮಸಿ ಹಚ್ಚುತ್ತಾರೆ. ತಗ್ಗಿನ ಅಕ್ಷರ ಬಿಳಿಯಾಗಿ ಉಳಿದು, ಸುತ್ತಲೂ ಕಪ್ಪು ಹಿಡಿಯುತ್ತದೆ. ಇದೇ ಪಡಿಯಚ್ಚು. ಅದರ ಅಳತೆ ಕಲ್ಲಿನ ಅಳತೆಯೇ. ಆದರೆ ಪುಸ್ತಕದಲ್ಲಿ ಅಚ್ಚಾಗುವಾಗ ಆಳೆತ್ತರದ ಕಲ್ಲು ಒಂದು ಪುಟಕ್ಕೆ ಇಳಿಯಬೇಕು. ಆಗ ಓದುವವರು ಭೂತಗನ್ನಡಿಯ ಮೊರೆಹೋಗಬೇಕು.

ಭೂತಗನ್ನಡಿ ನಮ್ಮ ಕಥೆಯ ಮೊದಲ ಮುಖ್ಯ ಪಾತ್ರ. ಅದು ಓದುವವನ ಕೈಯಲ್ಲಿರುವ ಉಪಕರಣ. ಯಾರನ್ನೂ ಕೇಳಬೇಕಿಲ್ಲ, ಎತ್ತಿ ಹಿಡಿದರೆ ಆಯಿತು. ಆದರೆ ಅದಕ್ಕೊಂದು ಮಿತಿಯಿದೆ. ಅಚ್ಚಿನಲ್ಲಿ ಇಲ್ಲದ ಗೀಟನ್ನು ಭೂತಗನ್ನಡಿ ಹುಟ್ಟಿಸಲಾರದು. ಹಿಗ್ಗಿಸುವುದೆಂದರೆ ಇದ್ದದ್ದನ್ನು ಹತ್ತಿರ ತರುವುದೇ ಹೊರತು ಇಲ್ಲದ್ದನ್ನು ಸೇರಿಸುವುದಲ್ಲ. ಈ ಮಾತು ನೆನಪಿರಲಿ. ಮುಂದೆ ಇದರಿಂದ ಕೆಲಸವಿದೆ.

ತೋರಿಸುವವರ ಕಾಲ

ನಾನು ಟೆಲಿವಿಷನ್ ಕಾರ್ಯಕ್ರಮ ತಯಾರಿಸುವವನು. ಆದ್ದರಿಂದ ನಮ್ಮ ಮಾಧ್ಯಮದ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಭೂತಗನ್ನಡಿಯನ್ನು ನೋಡುವವನ ಕೈಯಿಂದ ಕಿತ್ತು ತೋರಿಸುವವನ ಕೈಗೆ ಕೊಟ್ಟದ್ದು ಸಿನಿಮಾ ಮತ್ತು ಟೆಲಿವಿಷನ್.

ಹಿಂದೆ ಟಿವಿ ಕ್ಯಾಮೆರಾದ ಮುಂಭಾಗದಲ್ಲಿ ಮೂರು ನಾಲ್ಕು ಬೇರೆ ಬೇರೆ ಮಸೂರಗಳನ್ನು ಜೋಡಿಸಿದ ಚಕ್ರವಿರುತ್ತಿತ್ತು. ದೂರದ ದೃಶ್ಯಕ್ಕೆ ಒಂದು, ಹತ್ತಿರದ ಮುಖಕ್ಕೆ ಒಂದು. ಚಕ್ರ ತಿರುಗಿಸುವಾಗ ಆ ಕ್ಯಾಮೆರಾದ ಚಿತ್ರವನ್ನು ಪ್ರಸಾರಕ್ಕೆ ಕೊಡುವಂತಿರಲಿಲ್ಲ. ಫ್ರಾಂಕ್ ಬ್ಯಾಕ್ ಎಂಬವರು ರೂಪಿಸಿದ ಜೂಮರ್ ಎಂಬ ಮಸೂರವನ್ನು 1947ರಲ್ಲಿ ಅಮೆರಿಕದ ಬೇಸ್‌ಬಾಲ್ ಪಂದ್ಯಗಳ ಪ್ರಸಾರದಲ್ಲಿ ಬಳಸಿದಾಗ, ಮೈದಾನದ ಪೂರ್ಣ ನೋಟದಿಂದ ಆಟಗಾರನ ಮುಖದವರೆಗೆ ತಡೆಯಿಲ್ಲದೆ ಜಾರಿಹೋಗುವುದು ಸಾಧ್ಯವಾಯಿತು. ಜೂಮ್ ಎಂಬ ಮಾತು ಮನೆಮನೆಗೆ ತಲುಪಿದ್ದು ಇಂಥ ಮಸೂರಗಳಿಂದ. ಇದು ನಿಜವಾದ ಹಿಗ್ಗುವಿಕೆ: ಮಸೂರ ದೃಶ್ಯದ ಸಣ್ಣ ಭಾಗದಿಂದಲೇ ಬೆಳಕನ್ನು ತಂದು ಚಿತ್ರವನ್ನು ತುಂಬಿಸುವುದರಿಂದ ಹೊಸ ವಿವರ ಕಾಣುತ್ತದೆ. ಆದರೆ ಯಾವುದರ ಹತ್ತಿರ ಹೋಗಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬ ತೀರ್ಮಾನ ಛಾಯಾಗ್ರಾಹಕನದು, ನಿರ್ಮಾಪಕನದು. ವೀಕ್ಷಕರಿಗೆ ಅದರಲ್ಲಿ ಮಾತಿಲ್ಲ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಸೈಟ್ ಪ್ರಯೋಗವನ್ನು ಹಿರಿಯ ಓದುಗರು ಬಲ್ಲರು. ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಆ ಭಾಗ್ಯ ಸಿಕ್ಕಿತು. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರ ಜನ. ಹಿಂದೆ ಕುಳಿತವರಿಗೆ ಅಕ್ಷರ ಕಾಣದಿದ್ದರೆ ಇದ್ದ ಒಂದೇ ಉಪಾಯ ಮುಂದೆ ಸರಿಯುವುದು. ಮುಂದೆ ಜಾಗ ಇಲ್ಲದಿದ್ದರೆ ಕೇಳಿಸಿದಷ್ಟೇ ಪಾಲು.

ಹಳೆಯ ಟಿವಿಯಲ್ಲಿ ಅಕ್ಷರದ ಕಷ್ಟ ಬೇರೆಯೇ ಇತ್ತು. ನಮ್ಮ ದೇಶದ ಪದ್ಧತಿಯಲ್ಲಿ ಚಿತ್ರ 625 ಅಡ್ಡ ಗೆರೆಗಳಿಂದ ಕೂಡಿದ್ದು, ಚಿತ್ರವನ್ನು ಹೊರುವ ಗೆರೆಗಳು ಸುಮಾರು 575. ಒಂದು ಸಾಲು ಕನ್ನಡಕ್ಕೆ 30 ಗೆರೆ ಕೊಟ್ಟೆವೆನ್ನಿ. ಅದರಲ್ಲಿ ಮೇಲಿನ ಗುಡಿಸಿಗೆ ಜಾಗ ಬೇಕು, ಕೆಳಗಿನ ಒತ್ತಕ್ಷರಕ್ಕೆ ಜಾಗ ಬೇಕು. ‘ರಾಷ್ಟ್ರ’ ಎಂದು ಬರೆದರೆ ಒಂದು ಅಕ್ಷರದ ಕೆಳಗೆ ಎರಡು ಒತ್ತು. ಎಂಟು ಹತ್ತು ಗೆರೆಗಳಲ್ಲಿ ಆ ಎರಡನ್ನೂ ಕೂರಿಸಬೇಕು. ಸಾಲದ್ದಕ್ಕೆ ಪೆಟ್ಟಿಗೆಯ ಅಂಚು ಚಿತ್ರದ ಒಂದಿಷ್ಟು ಭಾಗವನ್ನು ನುಂಗುತ್ತಿತ್ತು. ಆದ್ದರಿಂದ ನಮ್ಮ ಕಸುಬಿನಲ್ಲಿ ಅಕ್ಷರಗಳನ್ನು ಚೌಕಟ್ಟಿನ ಒಳಗೆ ಸುರಕ್ಷಿತ ಜಾಗದಲ್ಲಿ, ದಪ್ಪಗೆ, ಕಡಿಮೆ ಮಾತಿನಲ್ಲಿ ಇಡುವ ಪಾಠ ಹುಟ್ಟಿತು. ನೋಡುವವರು ಅಕ್ಷರವನ್ನು ಹಿಗ್ಗಿಸಲಾರರು ಎಂದಾದಾಗ ತೋರಿಸುವವರ ಹೊಣೆ ಹೆಚ್ಚು. ಆ ಹೊಣೆ ಎಲ್ಲ ಪರದೆಗಳಿಗೂ ಸಲ್ಲುತ್ತದೆ.

ಗುಂಡಿ ನೋಡುವವರ ಕೈಗೆ ಬಂದದ್ದು

1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ ತನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯಬಹುದಿತ್ತು. ಒಂದು ಗುಂಡಿ ತಿರುಗಿಸಿದರೆ ಚಿತ್ರ ಹಿಗ್ಗುತ್ತಿತ್ತು, ಇನ್ನೊಂದು ಕಡೆಗೆ ತಿರುಗಿಸಿದರೆ ಕುಗ್ಗುತ್ತಿತ್ತು. ಅತಿ ಸಣ್ಣ ನೋಟಕ್ಕೂ ಅತಿ ದೊಡ್ಡ ನೋಟಕ್ಕೂ ನಡುವೆ 2000 ಪಟ್ಟು ಅಂತರವಿತ್ತು. ಪರದೆ ಅಂಗೈಯಷ್ಟೇ ಇದ್ದರೂ ಅದರ ಹಿಂದಿನ ಕಾಗದ ಒಂದು ಹೊಲದಷ್ಟು ಅಗಲವಿರಬಹುದಾಯಿತು. ಎಲ್ಲಕ್ಕಿಂತ ಮುಖ್ಯವಾದದ್ದು, ಆ ಗುಂಡಿ ಇದ್ದದ್ದು ಪರದೆಯ ಮುಂದೆ ಕುಳಿತವನ ಕೈಯಲ್ಲಿ.

ಅಲ್ಲಿಂದ ಮುಂದೆ ಪರದೆ ಎರಡು ದಾರಿ ಹಿಡಿಯಿತು. ಮೊದಲಿನ ಕಂಪ್ಯೂಟರುಗಳಲ್ಲಿ ಒಂದು ಕೆಲಸವೇ ಇಡೀ ಪರದೆಯನ್ನು ಹಿಡಿಯುತ್ತಿತ್ತು. ಫುಲ್ ಸ್ಕ್ರೀನ್ ಎಂಬ ಹೆಸರೇ ಬೇಕಿರಲಿಲ್ಲ. 1973ರ ಜೆರಾಕ್ಸ್ ಆಲ್ಟೊ, 1984ರ ಮೆಕಿಂಟಾಷ್, 1985ರ ವಿಂಡೋಸ್ ಬಂದ ಮೇಲೆ ಪರದೆಯೊಳಗೆ ಕಿಟಕಿಗಳು ತೆರೆದವು. ಒಂದೇ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆ ಪರದೆ ಭಾಗವಾಯಿತು. ಅನುಕೂಲವೂ ಆಯಿತು, ಇಕ್ಕಟ್ಟೂ ಆಯಿತು. ಒಂದು ಕಿಟಕಿಯನ್ನು ಮತ್ತೆ ಪರದೆಯ ತುಂಬ ಹರಡುವ ಗುಂಡಿ ಬೇಕಾಯಿತು. ಪುಟ ನೋಡುವ ಬ್ರೌಸರುಗಳಲ್ಲಿ ಎಫ್ 11 ಒತ್ತಿದರೆ ಸುತ್ತಲಿನ ಪಟ್ಟಿಗಳೆಲ್ಲ ಮರೆಯಾಗಿ ಪುಟ ಒಂದೇ ಉಳಿಯುವುದು ಆ ದಾರಿಯ ಕೊನೆಯ ಮಜಲು.

ಹಿಗ್ಗಿಸುವ ದಾರಿಯನ್ನು ಸವೆಸಿದವರು ದೃಷ್ಟಿ ಮಂದವಾದವರು ಮತ್ತು ಅವರಿಗಾಗಿ ದುಡಿದವರು. 1980ರ ದಶಕದ ಕೊನೆಗೆ ಮೆಕಿಂಟಾಷ್ ಜೊತೆಯಲ್ಲಿ ಕ್ಲೋಸ್‌ವ್ಯೂ ಎಂಬ ಹಿಗ್ಗಿಸುವ ಸಾಧನ ಬಂತು. ವಿಂಡೋಸ್ 98ರಲ್ಲಿ ಮ್ಯಾಗ್ನಿಫೈಯರ್ ಸೇರಿತು. ಅದು ಪರದೆಯ ಒಂದು ಪಟ್ಟಿಯಲ್ಲಿ ಮಾತ್ರ ಹಿಗ್ಗಿಸಿ ತೋರಿಸುತ್ತಿತ್ತು. 2009ರ ವಿಂಡೋಸ್ 7ರಲ್ಲಿ ಇಡೀ ಪರದೆಯನ್ನೇ ಹಿಗ್ಗಿಸುವುದು, ಭೂತಗನ್ನಡಿಯಂತೆ ಒಂದು ಚೌಕವನ್ನು ಅತ್ತಿತ್ತ ಆಡಿಸುವುದು ಎರಡೂ ಬಂದವು. 2007ರಲ್ಲಿ ಐಫೋನ್ ಬಂದ ಮೇಲೆ ಎರಡು ಬೆರಳು ಅಗಲಿಸಿ ಹಿಗ್ಗಿಸುವುದು ಮಕ್ಕಳಿಗೂ ಬರುವ ವಿದ್ಯೆಯಾಯಿತು. ಯಾರದೋ ಕೊರತೆಗೆಂದು ಮಾಡಿದ್ದು ಎಲ್ಲರ ಅನುಕೂಲವಾಯಿತು. ನಲವತ್ತು ದಾಟಿದವರ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎಂಬ ಹೆಸರೇ ಇದೆಯಲ್ಲ. ಕಣ್ಣಿನೊಳಗಿನ ಮಸೂರ ವಯಸ್ಸಿನೊಂದಿಗೆ ಗಡುಸಾಗುತ್ತದೆ, ಇದರಿಂದ ತಪ್ಪಿಸಿಕೊಂಡವರಿಲ್ಲ. ಈ ಸಾಲು ಬರೆಯುವವನೂ ಆ ವಯಸ್ಸಿನವನೇ.

ಕನ್ನಡ ಅಕ್ಷರ ಹಿಗ್ಗಲು ಕಲಿತದ್ದು

ಇಂಗ್ಲಿಷಿಗೆ ಬಂದ ಸೌಲಭ್ಯ ಕನ್ನಡಕ್ಕೆ ತಾನಾಗಿ ಬರಲಿಲ್ಲ. ಕಂಪ್ಯೂಟರಿನಲ್ಲಿ ಅಕ್ಷರವನ್ನು ಇಡುವ ರೀತಿ ಎರಡು. ಒಂದು, ರಂಗೋಲಿಯ ಹಾಗೆ ಚುಕ್ಕೆಗಳಿಂದ ತುಂಬುವುದು. ಇನ್ನೊಂದು, ಅಕ್ಷರದ ಅಂಚನ್ನು ಬಾಗುಗೆರೆಯ ಗಣಿತವಾಗಿ ಬರೆದಿಡುವುದು. ಚುಕ್ಕೆಯ ಅಕ್ಷರವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಚುಕ್ಕೆಯೇ ಇಟ್ಟಿಗೆಯಾಗುತ್ತದೆ. ಕನ್ನಡದ ದುಂಡು ಮೆಟ್ಟಿಲು ಮೆಟ್ಟಿಲಾಗುತ್ತದೆ. ಭೂತಗನ್ನಡಿಯ ಮಿತಿಯೇ ಇಲ್ಲಿಯೂ. ಬಾಗುಗೆರೆಯ ಅಕ್ಷರವಾದರೆ ಹಿಗ್ಗಿಸಿದಾಗಲೆಲ್ಲ ಯಂತ್ರ ಅದನ್ನು ಹೊಸದಾಗಿ ಬರೆಯುತ್ತದೆ. ಎಷ್ಟು ದೊಡ್ಡದು ಮಾಡಿದರೂ ಧಕಾರದ ಗೀಟು ನಯವಾಗಿ ನಿಲ್ಲುತ್ತದೆ. ಇಂಥ ಟ್ರೂಟೈಪ್ ಅಕ್ಷರಗಳು ಸಾಮಾನ್ಯ ಬಳಕೆಗೆ ಬಂದದ್ದು 1991-92ರಲ್ಲಿ, ಆಪಲ್ ಮತ್ತು ವಿಂಡೋಸ್ 3.1ರ ಮೂಲಕ.

ಕನ್ನಡದ ಮಟ್ಟಿಗೆ ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ, 1998ರಲ್ಲಿ ಶೇಷಾದ್ರಿ ವಾಸು ಅವರು ನೀಡಿದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವೆಲ್ಲ ದಾರಿ ಮಾಡಿಕೊಟ್ಟವು. ಯೂನಿಕೋಡ್ ಸಂಕೇತದಲ್ಲಿ ಕನ್ನಡ 1991ರಿಂದಲೇ ಇದ್ದರೂ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಒತ್ತಕ್ಷರ ಸಮೇತ ಮೂಡಿದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರೊಂದಿಗಿದ್ದ ತುಂಗಾ ಅಕ್ಷರದ ಕಾಲದಲ್ಲಿ. ಆ ನಂತರವೇ ಕನ್ನಡದ ಪುಟವನ್ನು ಹಿಗ್ಗಿಸುವುದೆಂಬ ಮಾತಿಗೆ ಪೂರ್ಣ ಅರ್ಥ ಬಂತು.

ಉತಾರದ ಮುಂದೆ ರೈತ

ಈಗ ಮತ್ತೆ ಸವದತ್ತಿ ತಾಲ್ಲೂಕಿಗೆ ಬರೋಣ. ಬೇರೆಡೆ ಪಹಣಿ ಎನ್ನುವುದನ್ನು ಈ ಭಾಗದಲ್ಲಿ ಉತಾರ ಎನ್ನುತ್ತಾರೆ. ಹಿಂದೆ ಅದು ತಲಾಟಿಯ ಕೈಬರಹದಲ್ಲಿ, ಅವನ ದಫ್ತರದಲ್ಲಿ ಇರುತ್ತಿತ್ತು. ರಾಜ್ಯದಲ್ಲಿ ಇಂಥ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರು ಇದ್ದರು. ಕರ್ನಾಟಕ ಸರ್ಕಾರದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. 2002ರ ಹೊತ್ತಿಗೆ ತಾಲ್ಲೂಕು ಕಚೇರಿಗಳ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಉತಾರ ಪಡೆಯುವಂತಾಯಿತು.

ಆ ಕೌಂಟರಿನ ಒಂದು ಏರ್ಪಾಟು ನಮ್ಮ ಕಥೆಗೆ ಬಹಳ ಮುಖ್ಯ. ಸಿಬ್ಬಂದಿಯ ಪರದೆಯಲ್ಲದೆ ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನೂ ಇಡಲಾಯಿತು. ದಾಖಲೆ ನಿನ್ನದು, ನೀನೂ ನೋಡು ಎಂಬುದು ಅದರ ಭಾವ. ಮುನವಳ್ಳಿಯ ಶಾಸನವನ್ನು ಓದಿ ಹೇಳುವವರಿಗಾಗಿ ಕಾಯುತ್ತಿದ್ದ ನಾಡಿನಲ್ಲಿ ಇದು ಸಣ್ಣ ಹೆಜ್ಜೆಯಲ್ಲ.

ಆದರೆ ಯೋಚಿಸಿ ನೋಡಿ. ಪರದೆ ರೈತನ ಕಡೆ ತಿರುಗಿತು. ಅಕ್ಷರದ ಅಳತೆ ಮಾತ್ರ ಕೀಲಿಮಣೆ ಇದ್ದವರ ಬಳಿಯೇ ಉಳಿಯಿತು. ಉತಾರದ ನಮೂನೆಯಲ್ಲಿ ಅಂಕಣಗಳು ಹಲವು, ಅಕ್ಷರಗಳು ಇರುಕು. ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ, ಖಾತೆದಾರನ ಹೆಸರು, ಸಾಲದ ಬೋಜಾ ಎಲ್ಲವೂ ಒಂದೇ ಹಾಳೆಯಲ್ಲಿ. 40 ಗುಂಟೆಗೆ ಒಂದು ಎಕರೆ. ಒಂದು ಅಂಕಿ ಅತ್ತಿತ್ತಾದರೆ ಬದು ಸರಿದಂತೆಯೇ. ಕಣ್ಣಿಗೆ ಪೊರೆ ಬಂದ ಹಿರಿಯರು ಆ ಪರದೆಯ ಮುಂದೆ ನಿಂತು ಏನು ಮಾಡುತ್ತಾರೆ? ಹಿಂದೆ ಸಾಲು ನಿಂತಿದೆ, ಕೇಳಲು ಸಂಕೋಚ. ‘ಬರೋಬ್ಬರಿ ಐತ್ರೀ’ ಎಂದು ತಲೆಯಾಡಿಸಿ ಹೊರಡುತ್ತಾರೆ. ಕಾಣದ ದಾಖಲೆಗೆ ಒಪ್ಪಿಗೆ ಕೊಟ್ಟಂತಾಯಿತು. ಕೀಲಿಮಣೆಯ ಮೇಲೆ ಎರಡು ಕೀ ಒತ್ತಿದ್ದರೆ ಅದೇ ಹಾಳೆ ಎರಡು ಪಟ್ಟು ಹಿಗ್ಗಬಹುದಿತ್ತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿ ಇರಬೇಕೆನ್ನುತ್ತದೆ. ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಲ್ಲಿಯೇ ಅಕ್ಷರ ಶೇಕಡಾ 200ರವರೆಗೆ ಹಿಗ್ಗಿದರೂ ಪುಟ ಕೆಡಬಾರದು ಎಂದಿತು. ಆದ್ದರಿಂದ ಅಕ್ಷರ ದೊಡ್ಡದು ಮಾಡಿ ತೋರಿಸಿ ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಹತ್ತಿರ ಹೋದಾಗ ಕಳೆದುಹೋಗುವುದು

ವಿಜ್ಞಾನ ಓದಿದವನಾಗಿ ಒಂದು ಲೆಕ್ಕವನ್ನೂ ಹೇಳಬೇಕು. ಎರಡು ಪಟ್ಟು ಹಿಗ್ಗಿಸಿದರೆ ಅಗಲವೂ ಎತ್ತರವೂ ಇಮ್ಮಡಿಯಾಗುತ್ತವೆ. ಹೀಗಾಗಿ ಪರದೆಯಲ್ಲಿ ಉಳಿಯುವುದು ಮೊದಲಿನ ನಾಲ್ಕನೆಯ ಒಂದು ಭಾಗ. ನಾಲ್ಕು ಪಟ್ಟಾದರೆ ಹದಿನಾರನೆಯ ಒಂದು ಭಾಗ. ಗುಂಟೆಯ ಅಂಕಿ ದೊಡ್ಡದಾಗಿ ಕಾಣುತ್ತದೆ, ಅದು ಯಾರ ಹೆಸರಿನ ಮುಂದಿದೆ ಎಂಬುದು ಪರದೆಯ ಆಚೆ ಹೋಗುತ್ತದೆ. ಆದ್ದರಿಂದ ಮೊದಲು ಪೂರ್ಣ ಪುಟ ನೋಡಿ, ಆಮೇಲೆ ಹಿಗ್ಗಿಸಿ, ಮತ್ತೆ ಹಿಂದೆ ಸರಿದು ಪೂರ್ಣ ನೋಡಿ. ಕ್ಯಾಮೆರಾ ಕೆಲಸದಲ್ಲಿ ನಾವು ಪಾಲಿಸುವ ಕ್ರಮವೂ ಇದೇ. ಬ್ರೌಸರಿನಲ್ಲಿ ಪುಟ ಹಿಗ್ಗಿಸಿದಾಗ ಒಳ್ಳೆಯ ಪುಟಗಳು ಸಾಲುಗಳನ್ನು ಮುರಿದು ಪರದೆಯ ಅಗಲಕ್ಕೆ ಹೊಂದಿಸಿಕೊಳ್ಳುತ್ತವೆ. ಮ್ಯಾಗ್ನಿಫೈಯರಿನಲ್ಲಿ ಹಾಗಾಗದು, ನೀವೇ ಅತ್ತಿತ್ತ ಸರಿಸಿಕೊಂಡು ಓದಬೇಕು.

ಫೋನಿನಲ್ಲಿ ಯಾರೋ ಕಳಿಸಿದ ಉತಾರದ ಫೋಟೋ ಹಿಗ್ಗಿಸಿದಾಗ ಮಸುಕಾದರೆ ಬೆರಳನ್ನು ಇನ್ನಷ್ಟು ಅಗಲಿಸಿ ಪ್ರಯೋಜನವಿಲ್ಲ. ಕಳಿಸುವಾಗಲೇ ಫೋಟೋದ ವಿವರ ಕುಗ್ಗಿರುತ್ತದೆ. ಮೂಲ ಪಿಡಿಎಫ್ ಕೇಳಿ ತರಿಸಿಕೊಳ್ಳಿ. ಅದರಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇದ್ದರೆ, ಚಿತ್ರವಾಗಿ ಇಲ್ಲದಿದ್ದರೆ, ಎಷ್ಟು ಹಿಗ್ಗಿಸಿದರೂ ಸ್ಪಷ್ಟ. ಮೂಲದಲ್ಲಿ ವಿವರ ತುಂಬಿದ್ದರೆ ಹಿಗ್ಗಿಸುವುದು ಎಷ್ಟು ಫಲ ಕೊಡುತ್ತದೆ ಎಂಬುದಕ್ಕೆ ಶಾಸನಗಳೇ ಸಾಕ್ಷಿ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಆ ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸಿದೆ. ಕಲ್ಲಿನ ತಗ್ಗುದಿಣ್ಣೆಗಳೇ ದಾಖಲಾಗಿರುವುದರಿಂದ ಸವೆದ ಅಕ್ಷರವನ್ನೂ ಪರದೆಯಲ್ಲಿ ಹಿಗ್ಗಿಸಿ ಗುರುತಿಸಬಹುದು.

ಪರದೆ ತುಂಬಿದ ಪುಟದ ಬಗ್ಗೆ ಒಂದು ಎಚ್ಚರಿಕೆ. ಫುಲ್ ಸ್ಕ್ರೀನ್ ಆದಾಗ ಪುಟದ ವಿಳಾಸವೂ ಮರೆಯಾಗುತ್ತದೆ. ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಎಂದು ಪರದೆ ತುಂಬ ಹೆದರಿಸುವ ಮೋಸದ ಪುಟಗಳು ಇದನ್ನೇ ಬಳಸುತ್ತವೆ. ಗಾಬರಿಯಾಗದೆ ಎಸ್ಕೇಪ್ ಕೀಯನ್ನು ಒತ್ತಿ ಹಿಡಿಯಿರಿ, ಇಲ್ಲವೇ ಎಫ್ 11 ಒತ್ತಿ. ಪುಟ ಕುಗ್ಗಿದೊಡನೆ ಮುಚ್ಚಿಬಿಡಿ.

ಇಂದೇ ಮಾಡಿ ನೋಡಿ

ಬ್ರೌಸರಿನಲ್ಲಿ ಕಂಟ್ರೋಲ್ ಕೀ ಹಿಡಿದು ಪ್ಲಸ್ ಒತ್ತಿದರೆ ಪುಟ ಹಿಗ್ಗುತ್ತದೆ, ಮೈನಸ್ ಒತ್ತಿದರೆ ಕುಗ್ಗುತ್ತದೆ, ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ. ವಿಂಡೋಸ್ ಕೀ ಹಿಡಿದು ಪ್ಲಸ್ ಒತ್ತಿದರೆ ಇಡೀ ಪರದೆ ಹಿಗ್ಗುತ್ತದೆ; ವಿಂಡೋಸ್ ಕೀಯೊಡನೆ ಎಸ್ಕೇಪ್ ಒತ್ತಿದರೆ ಹಿಂದಿರುಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗದಲ್ಲಿ ಅಕ್ಷರ ದೊಡ್ಡದು ಮಾಡುವ ಏರ್ಪಾಟಿದೆ. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ನೀವೇ ಹೊಂದಿಸಿಕೊಡಿ. ಐದು ನಿಮಿಷದ ಕೆಲಸ. ಕೌಂಟರಿನ ಒಳಗೆ ಕುಳಿತವರು ನೀವಾದರೆ, ಹಿರಿಯರು ಕೇಳುವ ಮೊದಲೇ ಆ ಎರಡು ಕೀ ಒತ್ತಿ. ಹೊರಗೆ ನಿಂತವರಾದರೆ ತಲೆಯಾಡಿಸಿ ಬರಬೇಡಿ. ‘ಸ್ವಲ್ಪ ದೊಡ್ಡದ ಮಾಡಿ ತೋರಸ್ರಿ’ ಎಂದು ಕೇಳಿ, ನಿಮ್ಮ ಹೆಸರನ್ನೂ ಗುಂಟೆಯನ್ನೂ ನೀವೇ ಓದಿಕೊಂಡು ಬನ್ನಿ.